ಕೊನೆಗೆ ಉಳಿದ ಒಂದು ಸಾಲು

ಹೋದ ತಿಂಗಳು ನಮ್ಮ ಬಾಗಿಲ ಸಂದಿಯಲ್ಲಿ ಯಾರೋ ಒಂದು ಚೀಟಿ ಸಿಕ್ಕಿಸಿ ಹೋಗಿದ್ದರು. ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಬೀದಿಯವರೆಲ್ಲ ಸೇರಿ ಹಿಂದಿನ ಭಾನುವಾರ ರಕ್ತ ಪರೀಕ್ಷೆಯ ಶಿಬಿರ ಮಾಡಿಸಿದ್ದರು. ಅದರ ಫಲಿತಾಂಶ ಅದು. ಅಂಗೈಯಗಲದ ಬಿಳಿ ಕಾಗದ, ಅದರಲ್ಲಿ ಅಚ್ಚಾದ ಒಂದೇ ವಾಕ್ಯ. ಮೊದಲು ನನ್ನ ಹೆಸರು, ಅದರ ಮುಂದೆ ‘ಅವರೇ, ನಿಮ್ಮ ರಕ್ತದಲ್ಲಿ ಸಕ್ಕರೆಯ ಪ್ರಮಾಣ’, ಆಮೇಲೆ ಸ್ವಲ್ಪ ದಪ್ಪಕ್ಷರದಲ್ಲಿ ‘ಸಹಜವಾಗಿದೆ’.

ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಸಂಜೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿರುವವಳು ನಾನು. ಮೊದಲು ನಗು ಬಂತು. ಈ ವಯಸ್ಸಿನಲ್ಲಿ ದೇವರು ಕಣ್ಣುಬಿಟ್ಟನೇನೋ, ಒಂದು ಲೋಟ ಸಿಹಿ ಕಾಫಿ ಮಾಡಿಕೊಂಡು ಕುಡಿದೇಬಿಡೋಣ ಅಂದುಕೊಂಡೆ. ಮರುಕ್ಷಣವೇ ಇನ್ನೊಂದು ಯೋಚನೆ ಬಂತು. ನನ್ನದು ನನಗೆ ಬಂದಿಲ್ಲ ಎಂದರೆ ಯಾರಿಗೆ ಹೋಗಿದೆ... ಚೀಟಿ ಹಿಡಿದುಕೊಂಡೇ ಎದ್ದೆ. ಹಾಗೇ ಗೋಡೆ ಹಿಡಿದುಕೊಂಡು ಮಹಡಿ ಹತ್ತಿದೆ.

ಮಹಡಿಯ ಮನೆಯಲ್ಲಿ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೇಡಂ ಇದ್ದಾರೆ. ಚೀಟಿಗಳನ್ನು ತಯಾರು ಮಾಡಿದ್ದು ಅವರೇ. ನಾನು ಹೇಳಿದ್ದನ್ನು ಕೇಳಿ ಗಾಬರಿಯಾಗಿ ಲ್ಯಾಪ್‌ಟಾಪ್ ತೆರೆದರು.

“ಒಂದ್ ಪಟ್ಟೀಲಿ ಹೆಸರು, ಇನ್ನೊಂದ್ರಲ್ಲಿ ರಿಸಲ್ಟು. ಮಧ್ಯದ ವಾಕ್ಯ ಎಲ್ರಿಗೂ ಒಂದೇ. ಎರಡು ಪಟ್ಟೀನೂ ಜಿಪ್ ಎಳೆದ ಹಾಗೆ ಜೋಡಿಸ್ಕೊಂಡು ಹೋಗುತ್ತೆ ಅಜ್ಜಿ. ಮೊದಲನೇದಕ್ಕೆ ಮೊದಲನೇದು, ಎರಡನೇದಕ್ಕೆ ಎರಡನೇದು,” ಎನ್ನುತ್ತ ಬೆರಳಾಡಿಸುತ್ತಿದ್ದವರು ತಟ್ಟನೆ ನಿಂತರು. ಬೀದಿಯ ಮಹನೀಯರೊಬ್ಬರು ಫೋನ್ ಮಾಡಿ, ತಮ್ಮ ವಿಷಯ ಕಾಗದದಲ್ಲಿ ಬರುವುದು ಬೇಡ, ಹೆಸರು ತೆಗೆಯಿರಿ ಅಂದಿದ್ದರಂತೆ. ಇವರು ಹೆಸರು ತೆಗೆದಿದ್ದರು, ಫಲಿತಾಂಶದ ಸಾಲು ತೆಗೆಯುವುದನ್ನು ಮರೆತಿದ್ದರು. ಅಲ್ಲಿಂದ ಮುಂದಕ್ಕೆ ಒಬ್ಬರದು ಇನ್ನೊಬ್ಬರಿಗೆ ಹೋಗಿತ್ತು.

“ಹಾಗಾದ್ರೆ ಕೊನೇಲಿ ಒಂದು ಉಳೀಬೇಕಿತ್ತಲ್ಲಮ್ಮ?” ಎಂದು ಕೇಳಿದೆ.

“ಉಳಿದಿರುತ್ತೆ. ಆದ್ರೆ ಇದು ಹೇಳಲ್ಲ ಅಜ್ಜಿ. ಯಾವ ಪಟ್ಟಿ ಚಿಕ್ಕದೋ ಅದು ಮುಗಿದ ಕೂಡ್ಲೇ ಸುಮ್ನೆ ನಿಂತ್ಬಿಡುತ್ತೆ.”

ಸುಮ್ಮನೆ ನಿಂತುಬಿಡುತ್ತದೆ... ಅಲ್ಲೇ ಇದ್ದ ಕುರ್ಚಿಯಲ್ಲಿ ಕುಳಿತೆ. ಅರವತ್ತು ವರ್ಷದ ಹಿಂದೆ ಹೀಗೇ ಸುಮ್ಮನೆ ನಿಂತವಳೊಬ್ಬಳು ನನಗೆ ಚೆನ್ನಾಗಿ ಗೊತ್ತು. ಆ ಮೌನವನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡು ಹೋದವರೂ ಗೊತ್ತು.

ಎಲ್ಲರೂ ಅವರನ್ನು ಗುಬ್ಬಿ ಅಕ್ಕ ಅನ್ನುತ್ತಿದ್ದರು. ದಿನಾ ಗುಬ್ಬಿಯಿಂದ ರೈಲಿನಲ್ಲಿ ತುಮಕೂರಿಗೆ ಬಂದು ಸಂಜೆಯ ರೈಲಿಗೆ ವಾಪಸು ಹೋಗುತ್ತಿದ್ದರು. ಮೂವತ್ತೈದರ ಆಸುಪಾಸು, ಎತ್ತರದ ಆಳು, ಹಣೆಯಲ್ಲಿ ನಾಲ್ಕಾಣೆಯಗಲದ ಕುಂಕುಮ. ಅರವತ್ತರ ದಶಕದ ಮೊದಮೊದಲ ವರ್ಷಗಳವು. ರೈಲು ನಿಲ್ದಾಣಕ್ಕೆ ಸಮೀಪದ ಒಂದು ಹೆಂಚಿನ ಕಟ್ಟಡದಲ್ಲಿ ಕ್ಷಯರೋಗ ಪತ್ತೆ ಮಾಡುವ ಕಚೇರಿ ನಡೆಯುತ್ತಿತ್ತು. ಡಾಕ್ಟರು ವ್ಯಾನು ತೆಗೆದುಕೊಂಡು ಊರೂರಿಗೆ ಹೋಗಿ, ಕೆಮ್ಮುವವರು ಕೆಮ್ಮದವರು ಎನ್ನದೆ ಬೀದಿಗೆ ಬೀದಿಯನ್ನೇ ಕರೆಸಿ, ಸಣ್ಣ ಡಬ್ಬಿಗಳಲ್ಲಿ ಕಫ ತರುತ್ತಿದ್ದರು. ಪರೀಕ್ಷೆಯಾದ ಮೇಲೆ ಒಬ್ಬೊಬ್ಬರಿಗೂ ಒಂದು ಕಾರ್ಡು ಹೋಗಬೇಕು. ಆ ಕಾರ್ಡು ಬರೆಯುವ ಜಾಗದಲ್ಲಿ ನನ್ನನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿದ್ದರು. ನನಗಾಗ ಇಪ್ಪತ್ತಮೂರು.

ಕಾರ್ಡಿನಲ್ಲಿ ವಾಕ್ಯ ಅಚ್ಚಾಗಿಯೇ ಬರುತ್ತಿತ್ತು. ‘ಶ್ರೀ / ಶ್ರೀಮತಿ’ ಅಂದು ಒಂದು ಖಾಲಿ ಗೆರೆ, ‘ಇವರ ಕಫದಲ್ಲಿ ಕ್ಷಯದ ರೋಗಾಣು’ ಅಂದು ಇನ್ನೊಂದು ಖಾಲಿ ಗೆರೆ. ಮೊದಲನೆಯದರಲ್ಲಿ ಹೆಸರು, ಎರಡನೆಯದರಲ್ಲಿ ‘ಕಂಡುಬಂದಿದೆ’ ಅಥವಾ ‘ಕಂಡುಬಂದಿಲ್ಲ’. ಮುಚ್ಚುಮರೆಯಿಲ್ಲದ ಬರಿಯ ಕಾರ್ಡು. ಅಂಚೆಯವನೇ ಬಾಗಿಲಲ್ಲಿ ನಿಂತು ಓದಿ ಹೇಳುತ್ತಿದ್ದ, ಅಕ್ಕಪಕ್ಕದವರು ಕಿವಿಗೊಟ್ಟು ಕೇಳುತ್ತಿದ್ದರು. ಈಗ ನೆನೆಸಿಕೊಂಡರೆ ಮೈ ಝುಮ್ಮೆನ್ನುತ್ತದೆ. ಆಗ ನಮಗೆ ಅದೊಂದು ದೊಡ್ಡ ವಿಷಯ ಅನ್ನಿಸಿರಲೇ ಇಲ್ಲ.

ಹೆಸರಿನ ರಿಜಿಸ್ಟರು ಅಕ್ಕನ ಕೈಯಲ್ಲಿ, ಪರೀಕ್ಷೆಯ ಹಾಳೆ ಬರೆಯುವವರ ಮುಂದೆ. ಎರಡರಲ್ಲೂ ಕ್ರಮಸಂಖ್ಯೆ ಇರುತ್ತಿತ್ತು, ಸಂಖ್ಯೆಗೆ ಸಂಖ್ಯೆ ನೋಡಿಯೇ ಬರೆಯಬೇಕೆಂದು ಡಾಕ್ಟರ ಕಟ್ಟಪ್ಪಣೆಯೂ ಇತ್ತು. ಅದೆಲ್ಲ ಮೊದಲ ಒಂದು ವಾರದ ಮಾತು. ಆಮೇಲೆ ಅಕ್ಕ ಹೆಸರು ಓದುವುದು, ಬರೆಯುವವರು ಹಾಳೆಯ ಮುಂದಿನ ಸಾಲು ನೋಡಿ ಬರೆದು ‘ಹೂಂ’ ಅನ್ನುವುದು, ಅಕ್ಕ ಮುಂದಿನ ಹೆಸರಿಗೆ ಹೋಗುವುದು. ಹೆಸರು, ಹೂಂ, ಹೆಸರು, ಹೂಂ... ಬತ್ತ ಕುಟ್ಟುವ ಇಬ್ಬರ ಒನಕೆಯಂತೆ ಅದು ತಪ್ಪದೆ ನಡೆಯುತ್ತಿತ್ತು. ಎರಡು ಪಟ್ಟಿಯೂ ಒಟ್ಟಿಗೆ ಮುಗಿದರೆ ಎಲ್ಲ ಸರಿಯಿದೆ ಎಂದು ಅರ್ಥ. ಒಟ್ಟಿಗೆ ಮುಗಿಯದಿದ್ದ ದಿನವೇ ಇರಲಿಲ್ಲ.

ಅಕ್ಕನ ಜೊತೆ ಯಾವಾಗಲೂ ಬರೆಯುತ್ತಿದ್ದವರು ವಯಸ್ಸಾದ ಒಬ್ಬ ಹೆಂಗಸು, ನಾನು ಇನ್ನೊಂದು ಮೇಜಿನಲ್ಲಿ. ಮಗಳ ಬಾಣಂತನಕ್ಕೆಂದು ಅವರು ರಜೆ ಹಾಕಿದ್ದರಿಂದ ಒಂದು ಶುಕ್ರವಾರ ಅವರ ಜಾಗದಲ್ಲಿ ನಾನು ಕುಳಿತೆ. ಅಂದಿನ ಪಟ್ಟಿ ಕುಣಿಗಲ್‌ನ ಒಂದು ಬೀದಿಯದು, ನಲವತ್ತೆರಡು ಜನ. ಸಂಜೆ ನಮ್ಮ ಮನೆಗೆ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನನ್ನ ಜೀವವೆಲ್ಲ ಗೋಡೆಯ ಗಡಿಯಾರದಲ್ಲಿತ್ತು.

“ಏನೇ, ಒಂದೊಂದ್ ಅಕ್ಷರಕ್ಕೂ ಗಡಿಯಾರ ನೋಡ್ತೀಯ. ಗಂಡಿನೋರೇನು ಗೋಡೆ ಮೇಲಿಂದ ಇಳಿದು ಬತ್ತಾರಾ?” ಎಂದು ಅಕ್ಕ ರೇಗಿಸಿದರು. ನಾನು ನಾಚಿಕೊಂಡು ಇನ್ನಷ್ಟು ಬೇಗ ಬರೆಯತೊಡಗಿದೆ.

ಹದಿನಾರನೆಯ ಹೆಸರಾದ ಮೇಲೆ ಅಕ್ಕ ಒಂದು ಗಳಿಗೆ ತಡೆದರು. ಬೆರಳ ಗೆಣ್ಣಿನಿಂದ ಮೇಜಿನ ಮೇಲೆ ಎರಡು ಸಲ ತಟ್ಟಿದರು. ಬೇಗ ಬರಿ ಅನ್ನುತ್ತಿದ್ದಾರೆಂದು ತಿಳಿದು ನಾನು ‘ಹೂಂ’ ಅಂದೆ. ಅವರು ಮುಂದಿನ ಹೆಸರು ಓದಿದರು. ಅದು ಹತ್ತೊಂಬತ್ತು ವರ್ಷದ ಒಬ್ಬ ಹೆಣ್ಣುಮಗಳದು. ಹಾಳೆಯ ಮುಂದಿನ ಸಾಲಿನಲ್ಲಿದ್ದದ್ದು ‘ಕಂಡುಬಂದಿದೆ’. ಇಡೀ ಪಟ್ಟಿಯಲ್ಲಿ ಹಾಗಿದ್ದದ್ದು ಅದೊಂದೇ. ಅಯ್ಯೋ ಪಾಪ, ನನಗಿಂತ ಚಿಕ್ಕವಳು ಅಂದುಕೊಂಡು ಬರೆದೆ. ಮುಂದಿನ ಕಾರ್ಡಿಗೆ ಕೈ ಹಾಕುವಷ್ಟರಲ್ಲಿ ಮರೆತೂಬಿಟ್ಟೆ.

ಪಟ್ಟಿ ಮುಗಿಯಿತು. ಅಕ್ಕನ ರಿಜಿಸ್ಟರಿನಲ್ಲಿ ಹೆಸರು ತೀರಿತ್ತು. ನನ್ನ ಹಾಳೆಯಲ್ಲಿ ಇನ್ನೂ ಒಂದು ‘ಕಂಡುಬಂದಿಲ್ಲ’ ಇತ್ತು.

“ಅಕ್ಕ, ಒಂದು ಉಳೀತು,” ಅಂದೆ.

“ಉಳೀಬಾರ್ದಲ್ಲ ಕಣೇ. ತಾ, ಇನ್ನೊಂದ್ಸಲ ನೋಡನ.”

ಅಂಚೆಯವನು ಬಾಗಿಲಲ್ಲಿ ಸೈಕಲ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಗಡಿಯಾರ ಐದು ತೋರಿಸುತ್ತಿತ್ತು. “ಬಿಡಿ ಅಕ್ಕ, ಯಾರೋ ಡಬ್ಬಿ ಕೊಟ್ಟು ಹೆಸರು ಬರೆಸದೆ ಹೋಗಿರ್ತಾರೆ. ನಿಮಗೂ ರೈಲಿಗೆ ಹೊತ್ತಾಯ್ತು,” ಅಂದೆ. ಅಕ್ಕ ಅರೆಮನಸ್ಸಿನಿಂದ ಹಾಳೆ ಮಡಿಸಿದರು. ಕಾರ್ಡಿನ ಕಟ್ಟನ್ನು ಅಂಚೆಯವನ ಚೀಲಕ್ಕೆ ಹಾಕಿದವಳು ನಾನೇ. ಮನೆಗೆ ಓಡಿ, ಮುಖ ತೊಳೆದು, ಅಮ್ಮನ ಹಸಿರು ರೇಷ್ಮೆ ಸೀರೆ ಉಟ್ಟು ಬಂದವರ ಮುಂದೆ ತಲೆತಗ್ಗಿಸಿ ಕುಳಿತೆ. ಅವರು ಒಪ್ಪಿದರು.

ಬುಧವಾರ ಬೆಳಿಗ್ಗೆ, ರೋಗ ಕಂಡವರಿಗೆ ಔಷಧಿ ತರಿಸುವ ಕಾಗದ ಬರೆಯಲು ಅಕ್ಕ ಕುಳಿತಿದ್ದರು. ಅದನ್ನು ಕ್ರಮಸಂಖ್ಯೆ ನೋಡಿಯೇ ಬರೆಯಬೇಕು. ಹಾಳೆಯಲ್ಲಿ ‘ಕಂಡುಬಂದಿದೆ’ ಇದ್ದದ್ದು ಹದಿನೇಳನೆಯ ಸಂಖ್ಯೆಯ ಎದುರು. ರಿಜಿಸ್ಟರಿನಲ್ಲಿ ಹದಿನೇಳನೆಯ ಹೆಸರಿನ ಮೇಲೆ ಬೆರಳಿಟ್ಟ ಅಕ್ಕ ಹಾಗೇ ಕುಳಿತುಬಿಟ್ಟರು. ಏನಾಯಿತೆಂದು ನಾನು ಎದ್ದು ಹೋದೆ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಬೆರಳ ಗೆಣ್ಣಿನಿಂದ ಮೇಜಿಗೆ ಎರಡು ಸಲ ತಟ್ಟಿದರು.

“ಅವತ್ತು ಹಿಂಗೆ ತಟ್ದೆ ಕಣೇ. ನೀನು ಹೂಂ ಅಂದೆ. ಇಣುಕಿ ನೋಡಿ ಬರ್ಕೊಂಡೆ ಅಂದ್ಕೊಂಡೆ.”

ರಿಜಿಸ್ಟರಿನಲ್ಲಿದ್ದದ್ದು ಐವತ್ತೆರಡು ವರ್ಷದ ಒಬ್ಬ ಗಂಡಸಿನ ಹೆಸರು. ನಮ್ಮ ಕಡೆ ಮನೆಗೊಬ್ಬರಿಗೆ ಇರುವಂಥ ಹೆಸರು. ಅಕ್ಕನ ಯಜಮಾನರದೂ ಅದೇ. ಅವರು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಪಟ್ಟಿಯಲ್ಲಿ ಆ ಹೆಸರು ಬಂದಾಗಲೆಲ್ಲ ಎರಡು ಸಲ ತಟ್ಟುವುದು, ಜೊತೆಗಿದ್ದ ಆ ಹಿರಿಯ ಹೆಂಗಸು ಬಗ್ಗಿ ನೋಡಿ ಬರೆದುಕೊಳ್ಳುವುದು, ಇದು ಅವರಿಬ್ಬರ ನಡುವೆ ಎಷ್ಟೋ ದಿನದಿಂದ ನಡೆದು ಬಂದ ಪದ್ಧತಿ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಹೆಂಗಸರು ಗಂಡನ ಹೆಸರು ಹೇಳದಿದ್ದದ್ದು ಆಗ ಹೊಸ ಸಂಗತಿಯೇನಲ್ಲ, ನನ್ನ ಅಮ್ಮನೂ ಹೇಳುತ್ತಿರಲಿಲ್ಲ. ಆದರೆ ಕಚೇರಿಯ ಪಟ್ಟಿಯಲ್ಲಿರುವ ಯಾರದೋ ಹೆಸರಿಗೂ ಬಾಯಿ ಕಟ್ಟುತ್ತದೆ ಎಂದು ನನಗೆ ಹೊಳೆದಿರಲೇ ಇಲ್ಲ.

ರೋಗವಿದ್ದವನಿಗೆ ಕಾರ್ಡೇ ಹೋಗಿಲ್ಲ. ರೋಗವಿಲ್ಲದ ಹತ್ತೊಂಬತ್ತು ವರ್ಷದವಳಿಗೆ, ರೋಗವಿದೆ ಎಂದು ನನ್ನ ಕೈಬರಹದಲ್ಲಿ ಹೋಗಿದೆ. ಸೋಮವಾರವೇ ತಲುಪಿರುತ್ತದೆ. ಡಾಕ್ಟರು ಶಿರಾ ಕಡೆ ಹೋಗಿದ್ದರು, ಬರುವುದು ಶನಿವಾರ.

“ಶನಿವಾರದ ತನಕ ಕಾಯಕ್ಕಾಗಲ್ಲ. ಏಳು,” ಅಂದರು ಅಕ್ಕ. ಎರಡು ಹೊಸ ಕಾರ್ಡು ಬರೆದು, ಮೊಹರು ಹಾಕಿಸಿ, ಸೆರಗಿನಲ್ಲಿ ಸುತ್ತಿಕೊಂಡರು.

ಕುಣಿಗಲ್ ಬಸ್ಸು ಹತ್ತಿ ಕುಳಿತೆವು. ಅಕ್ಕನ ಯಜಮಾನರು ಭದ್ರಾವತಿ ಕಡೆ ಕೆಲಸ ಹುಡುಕಿಕೊಂಡು ಹೋಗಿ ಒಂಬತ್ತು ವರ್ಷವಾಗಿತ್ತು. ಮೊದಲು ಎರಡು ಕಾಗದ ಬಂದಿದ್ದವಂತೆ, ಆಮೇಲೆ ಏನೂ ಇಲ್ಲ. ಇದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ಯಾರೂ ಅವರೆದುರು ಆಡುತ್ತಿರಲಿಲ್ಲ. ಆ ಬಸ್ಸಿನಲ್ಲಿ ಮೊದಲ ಸಲ ಅವರೇ ಆಡಿದರು.

“ಹೆಸ್ರು ಹೇಳಿದ್ರೆ ಆಯಸ್ಸು ಕಮ್ಮಿ ಆಗ್ತದೆ ಅಂತ ನಮ್ಮತ್ತೆ ಹೇಳ್ತಿದ್ರು. ಎಲ್ಲವ್ರೋ, ಹೆಂಗವ್ರೋ. ನನ್ ಕೈಲಿ ಆಗೋದು ಇದೊಂದೇ ಅಲ್ವೇನೇ.” ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ಆಮೇಲೆ, “ವಯಸ್ಸು ಐವತ್ತೆರಡು ಅಂತದೆ. ಜನ ಸುಮ್ನೆ ಬಾಯಿಗೆ ಬಂದದ್ದು ಬರೆಸ್ತಾರೆ ಕಣೇ,” ಅಂದರು.

ಆ ಮಾತಿನ ಅರ್ಥ ನನಗೆ ತಟ್ಟಿದ್ದು ಒಂದು ನಿಮಿಷ ಕಳೆದ ಮೇಲೆ. ಆ ಮನುಷ್ಯ ತಮ್ಮ ಯಜಮಾನರೇ ಇರಬಹುದೆಂಬ ಒಂದು ಎಳೆ ಆಸೆ ಅವರ ಮನಸ್ಸಿನಲ್ಲಿತ್ತು. ನಾನು ದಂಗಾಗಿ ಅವರ ಮುಖ ನೋಡಿದೆ. ಅವರು ಮತ್ತೆ ಕಿಟಕಿಯ ಕಡೆ ತಿರುಗಿದ್ದರು.

ಮೊದಲು ಹೋದದ್ದು ಆ ಹೆಣ್ಣುಮಗಳ ಮನೆಗೆ. ಕೆರೆಯ ಕಡೆಯ ಬೀದಿ, ಪುರಿ ಹುರಿದು ಮಾರುವ ಮನೆತನ. ಬೀದಿಗೆಲ್ಲ ಬಿಸಿ ಮರಳಿನ ವಾಸನೆ ಹರಡಬೇಕಾದ ಹೊತ್ತಿನಲ್ಲಿ ಭಟ್ಟಿ ತಣ್ಣಗಿತ್ತು. ಸೊಸೆಗೆ ಕ್ಷಯ ಎಂದು ಅಂಚೆಯವನು ಓದಿದ ದಿನದಿಂದ ಆ ಮನೆಯ ಪುರಿಯನ್ನು ಒಬ್ಬರೂ ಕೊಂಡಿರಲಿಲ್ಲವಂತೆ. ಬಾಗಿಲಲ್ಲಿ ಒಂದು ಎತ್ತಿನ ಗಾಡಿ, ಗಾಡಿಯಲ್ಲಿ ಹಗ್ಗ ಬಿಗಿದ ಒಂದು ತಗಡಿನ ಪೆಟ್ಟಿಗೆ. ಹುಡುಗಿಯ ಅಣ್ಣ ಮಾಗಡಿ ಕಡೆಯಿಂದ ಕರೆದೊಯ್ಯಲು ಬಂದಿದ್ದ. ಹಿತ್ತಿಲ ಮಾಡಿನ ಕೆಳಗೆ ಅವಳು ಒಬ್ಬಳೇ ಕುಳಿತಿದ್ದಳು. ಪಕ್ಕದಲ್ಲಿ ಬೇರೆಯಾಗಿ ಇಟ್ಟ ಒಂದು ತಟ್ಟೆ, ಒಂದು ಚೊಂಬು. ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ಹೀಗೆ ಹೋದವಳನ್ನು ಮತ್ತೆ ಕರೆಸಿಕೊಳ್ಳುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಬರೆದ ಒಂದು ಪದ... ಅದರ ಕೆಲಸವನ್ನು ಕಣ್ಣಾರೆ ನೋಡುತ್ತ ನಿಂತೆ.

ಅಕ್ಕ ಹುಡುಗಿಯ ಅತ್ತೆಗೆ ಹೊಸ ಕಾರ್ಡು ಕೊಟ್ಟು ತಪ್ಪಾಗಿದೆ ಅಂದರು. ಆಕೆ ಕಾರ್ಡು ಮುಟ್ಟಲೂ ಇಲ್ಲ.

“ಐತೆ ಅನ್ನೋರೂ ನೀವೇ, ಇಲ್ಲ ಅನ್ನೋರೂ ನೀವೇ. ಮೊದಲ್ನೆ ಕಾರ್ಡು ಸುಳ್ಳಾದ್ರೆ ಎರಡ್ನೇದು ನಿಜ ಅಂತ ಹೆಂಗವ್ವ ನಂಬೋದು? ಇವ್ರಣ್ಣ ದುಡ್ಡು ಕೊಟ್ಟು ಬರೆಸ್ಕೊಂಡು ಬಂದವ್ನೆ ಅಂತ ಜನ ಆಡ್ಕೊಳ್ಳಕಿಲ್ವಾ?”

ನಾನು ಕ್ರಮಸಂಖ್ಯೆ, ಹಾಳೆ, ಸಾಲು ಎಂದು ಏನೇನೋ ಒದರಿದೆ. ಆಕೆ ನನ್ನ ಕಡೆ ನೋಡಲೇ ಇಲ್ಲ. ಆಗ ಅಕ್ಕ ನನ್ನ ತೋಳು ಹಿಡಿದು ಹಿಂದಕ್ಕೆ ಸರಿಸಿ, ಮುಂದೆ ಬಂದರು.

“ಪಟ್ಟೀಲಿ ಒಂದು ಹೆಸ್ರಿತ್ತು ಅಮ್ಮ. ನಮ್ಮ ಯಜಮಾನ್ರ ಹೆಸ್ರು ಅದು. ನನ್ ಬಾಯಲ್ಲಿ ಬರ್ಲಿಲ್ಲ. ಬಿಟ್ಟು ಮುಂದಕ್ಕೆ ಓದ್ದೆ. ಅಲ್ಲಿಂದ ಒಬ್ರುದು ಒಬ್ರಿಗೆ ಹೋಯ್ತು.”

ಆ ಹೆಂಗಸು ಮೊದಲ ಸಲ ಅಕ್ಕನ ಮುಖವನ್ನು ಸರಿಯಾಗಿ ನೋಡಿದಳು. ಕುಂಕುಮ ನೋಡಿದಳು, ತಾಳಿ ನೋಡಿದಳು. ಡಾಕ್ಟರ ಮೊಹರು ಮಾಡದ ಕೆಲಸವನ್ನು ಆ ಮಾತು ಮಾಡುತ್ತಿರುವುದು ನನಗೆ ಕಾಣುತ್ತಿತ್ತು. ಆಕೆಗೆ ಅದು ಪೂರ್ತಿ ಅರ್ಥವಾಗಿತ್ತು.

“ಹಂಗಾರೆ ಈಗ ಹೇಳು,” ಅಂದಳು.

ಅಕ್ಕ ಹಿತ್ತಿಲ ಕಡೆ ನೋಡಿದರು.

“ಗಂಡನ ಹೆಸ್ರನ್ನ ಸುಳ್ಳಿಗೆ ಯಾವ ಹೆಂಗ್ಸೂ ಹೇಳಕಿಲ್ಲ. ಅದನ್ನ ಬಾಯ್ಬಿಟ್ಟು ಹೇಳು. ಹೇಳ್ಬುಟ್ಟು ನನ್ ಸೊಸೆಗೆ ಕಾಯ್ಲೆ ಇಲ್ಲ ಅನ್ನು. ಗಾಡಿ ವಾಪಸ್ ಕಳಿಸ್ತೀನಿ.”

“ಅಮ್ಮ, ಹೆಸರು ನಂಗೊತ್ತು, ನಾನು ಹೇಳ್ತೀನಿ,” ಅಂದೆ.

“ನೀನಲ್ಲ ಬುಡವ್ವ. ಅವ್ಳು ಹೇಳ್ಲಿ.”

ಹಿತ್ತಿಲ ಹುಡುಗಿ ಎದ್ದು ನಡುಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಗಾಡಿಯ ಎತ್ತುಗಳ ಕೊರಳ ಗಂಟೆ ಕೇಳುತ್ತಿತ್ತು. ಅಕ್ಕನ ಬಲಗೈ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ತುಟಿ ಎರಡು ಸಲ ಅಲ್ಲಾಡಿ ನಿಂತಿತು. ಬೇಡ ಅಕ್ಕ, ಹೋಗೋಣ ಬನ್ನಿ ಅನ್ನಬೇಕೆನ್ನಿಸಿತು, ಆದರೆ ಆ ಹುಡುಗಿಯ ಮುಖ ನೋಡಿ ಅನ್ನಲಾಗಲಿಲ್ಲ.

ಅಕ್ಕ ಹೇಳಿದರು. ಕೂಗಿ ಹೇಳಲಿಲ್ಲ, ಪಿಸುಗುಟ್ಟಲೂ ಇಲ್ಲ. ಪಟ್ಟಿ ಓದುವ ದನಿಯಲ್ಲೇ, ಅಕ್ಷರ ಅಕ್ಷರವಾಗಿ ಹೇಳಿದರು. ಆಮೇಲೆ, “ಈ ಹುಡ್ಗಿಗೆ ಕಾಯ್ಲೆ ಇಲ್ಲ,” ಅಂದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೇಳಿದವಳೇ ಅವಳು, ಆದರೂ ನಿಜವಾಗಿ ಹೇಳಿಬಿಡುತ್ತಾರೆಂದು ಅಂದುಕೊಂಡಿರಲಿಲ್ಲವೇನೋ. ಸ್ವಲ್ಪ ಹೊತ್ತಾದ ಮೇಲೆ ಹಿತ್ತಿಲಿಗೆ ಹೋಗಿ ಆ ತಟ್ಟೆ, ಚೊಂಬು ಎತ್ತಿಕೊಂಡು ಬಂದು ಒಳಗಿಟ್ಟಳು. “ಆ ಹೆಸ್ರಿನೋರು ಈ ಊರಲ್ಲಿ ಬೇಕಾದಷ್ಟು ಜನ ಅವ್ರೆ. ಯಾರು ಅಂತ ನಾನು ಕೇಳಕಿಲ್ಲ,” ಅಂದಳು ಅಕ್ಕನಿಗೆ. ಸೊಸೆ ಅಳಲಿಲ್ಲ. ಗಾಡಿಯ ಹತ್ತಿರ ಹೋಗಿ ಪೆಟ್ಟಿಗೆಗೆ ಬಿಗಿದ ಹಗ್ಗವನ್ನು ತಾನೇ ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

ಆ ಗಂಡಸಿನ ಮನೆ ಅಲ್ಲಿಂದ ಹತ್ತಾರು ಮನೆಗಳಾಚೆ. ಎತ್ತುಗಳಿಗೆ ಲಾಳ ಕಟ್ಟುವವನು. ಅಕ್ಕ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದರು. ಜಗಲಿಯ ಮೇಲೆ ಕುಳಿತು ಮೊಳೆ ಆರಿಸುತ್ತಿದ್ದವನು ತಲೆಯೆತ್ತಿದ. ನರೆತ ಗಡ್ಡ, ಕುಳ್ಳನೆಯ ಮೈ, ಐವತ್ತೆರಡಕ್ಕಿಂತ ಹೆಚ್ಚೇ ಆಗಿತ್ತು. ಅಕ್ಕ ಒಂದು ಕ್ಷಣ ನಿಂತರು. ಆಮೇಲೆ ಹತ್ತಿರ ಹೋಗಿ, ಯಾರಿಗೂ ಕೇಳಿಸದ ಹಾಗೆ ವಿಷಯ ತಿಳಿಸಿ ಕಾರ್ಡು ಕೊಟ್ಟರು. ಮಾತ್ರೆ, ಸೂಜಿ ಎಲ್ಲ ಪುಕ್ಕಟೆ ಸಿಗುತ್ತದೆ, ಬಿಡದೆ ತೆಗೆದುಕೊಂಡರೆ ವಾಸಿಯಾಗುತ್ತದೆ ಎಂದು ಎರಡೆರಡು ಸಲ ಹೇಳಿದರು.

“ಕಾರ್ಡು ಬರ್ನಿಲ್ವಲ್ಲ, ನಾನು ಗಟ್ಟಿಮುಟ್ಟಾಗಿವ್ನಿ ಅಂದ್ಕೊಂಡಿದ್ದೆ ಕಣವ್ವ,” ಅಂದ ಅವನು. ನಗಲು ಹೋಗಿ ಕೆಮ್ಮಿದ. ಮೊಮ್ಮಗುವೊಂದು ಅವನ ತೊಡೆಯೇರಲು ಬಂದಾಗ ಕೈಯಿಂದ ಮೆಲ್ಲಗೆ ಆಚೆ ತಳ್ಳಿದ.

ಬಸ್ಸಿನಲ್ಲಿ ವಾಪಸು ಬರುವಾಗ ಅಕ್ಕನ ಮುಖದಲ್ಲಿ ನಿರಾಸೆಯಿತ್ತೋ ನಿರಾಳವಿತ್ತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ತುಮಕೂರು ಹತ್ತಿರ ಬಂದಾಗ ಒಂದೇ ಮಾತು ಆಡಿದರು.

“ಹೇಳ್ಬುಟ್ಟೆ ಅಲ್ವೇನೇ.”

“ಏನೂ ಆಗಲ್ಲ ಬಿಡಿ ಅಕ್ಕ,” ಅಂದೆ. ಮತ್ತೆ ಅದೇ ‘ಬಿಡಿ’.

ಮುಂದಿನ ಎರಡು ದಿನ ಅಕ್ಕ ಕಚೇರಿಗೆ ಬರಲಿಲ್ಲ. ಶನಿವಾರ ಡಾಕ್ಟರು ಬಂದರು, ಅಕ್ಕನೂ ಬಂದರು. ವಿಷಯ ಆಗಲೇ ಅವರ ಕಿವಿಗೆ ಬಿದ್ದಿತ್ತು. ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹಾಳೆ ರಿಜಿಸ್ಟರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅಕ್ಕನ ಹಣೆಯಲ್ಲಿ ಅಂದು ಕುಂಕುಮ ಇರಲಿಲ್ಲ. ರೈಲಿಗೆ ಓಡಿ ಬರುವಾಗ ಬೆವರಿಗೆ ಅಳಿಸಿರಬೇಕು ಅಂದುಕೊಂಡೆ.

“ಒಂದು ಹೆಸರು ಬಿಟ್ಟುಹೋದರೆ ಕೊನೆಗೆ ಒಂದು ಸಾಲು ಉಳಿಯಲೇಬೇಕು. ಅಲ್ಲೇ ಹಿಡಿಯಬಹುದಿತ್ತು. ಯಾರೂ ನೋಡಲಿಲ್ವೇ?” ಎಂದು ಕೇಳಿದರು.

ನೋಡಿದವಳು ನಾನು. ಬಿಡಿ ಅಂದವಳೂ ನಾನು. ಬಾಯಿ ತೆರೆದರೆ ಕೆಲಸ ಹೋಗುತ್ತದೆ, ಮಾತು ಗಂಡಿನ ಮನೆಗೆ ಮುಟ್ಟುತ್ತದೆ, ಒಪ್ಪಿದವರು ಹಿಂದೆ ಸರಿಯುತ್ತಾರೆ... ಇಷ್ಟೂ ಒಂದೇ ಉಸಿರಿನಲ್ಲಿ ನನ್ನ ತಲೆಯಲ್ಲಿ ಓಡಿಹೋಯಿತು. ನೆಲದ ಮೇಲಿನ ಗಾರೆಯ ಬಿರುಕು ನೋಡುತ್ತ ಸುಮ್ಮನೆ ನಿಂತೆ.

“ನೋಡ್ದೆ ಸಾರ್. ನಾನೇ ಬಿಟ್ಟೆ,” ಅಂದರು ಅಕ್ಕ.

ಇವತ್ತಿಂದ ನೀವು ಬರುವುದು ಬೇಡ ಅಂದರು ಡಾಕ್ಟರು. ಅಕ್ಕ ತಲೆಯಾಡಿಸಿದರು. ತಿಂಡಿಯ ಡಬ್ಬಿ ಎತ್ತಿಕೊಂಡು ಹೊರಟವರು ನನ್ನ ಮೇಜಿನ ಪಕ್ಕ ಒಂದು ಗಳಿಗೆ ನಿಂತು, “ನಂಬರ್ ನೋಡ್ಕೊಂಡು ಬರಿ ಕಣೇ,” ಅಂದರು. ಅವರ ಮಾತಿನಲ್ಲಿ ಚೂರೂ ಕಹಿ ಇರಲಿಲ್ಲ. ಅದೇ ನನ್ನನ್ನು ಇಷ್ಟು ವರ್ಷ ತಿಂದಿರುವುದು. ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನನ್ನ ಕೆಲಸ ಕಾಯಂ ಆಯಿತು. ಮದುವೆಯೂ ಆಯಿತು. ಗುಬ್ಬಿ ಎಷ್ಟು ದೂರ, ರೈಲು ಹತ್ತಿದರೆ ಅರ್ಧ ಗಂಟೆಯ ದಾರಿ. ಈ ವಾರ ಹೋಗೋಣ, ಹಬ್ಬ ಕಳೆಯಲಿ, ಮಗು ಸ್ವಲ್ಪ ದೊಡ್ಡದಾಗಲಿ ಅನ್ನುತ್ತ ಅನ್ನುತ್ತ ವರ್ಷಗಳು ಕಳೆದವು. ಅರವತ್ತರ ದಶಕ ಮುಗಿಯುತ್ತ ಬಂದಾಗ ನಿಟ್ಟೂರಿನ ಒಂದು ಮದುವೆಗೆ ಹೋಗುತ್ತಿದ್ದೆ. ರೈಲಿನಲ್ಲಿ ಎದುರಿಗೆ ಕುಳಿತಿದ್ದ ಹೆಂಗಸು ಗುರುತು ಹಿಡಿದು ಮಾತಾಡಿಸಿದರು. ಅವರು ಅಕ್ಕನ ನೆರೆಮನೆಯವರು, ಹಿಂದೆ ಅಕ್ಕನ ಜೊತೆ ದಿನಾ ರೈಲಿನಲ್ಲಿ ಬರುತ್ತಿದ್ದವರು. ಅಕ್ಕ ಹೋದ ಚಳಿಗಾಲದಲ್ಲಿ ತೀರಿಕೊಂಡರು ಅಂದರು.

ನಾನು ಆ ಆಘಾತದಿಂದ ಚೇತರಿಸಿಕೊಳ್ಳುವ ಮೊದಲೇ ಅವರು ಇನ್ನೊಂದು ಮಾತು ಹೇಳಿದರು.

“ಗಂಡನ ಸುದ್ದಿ ಒಳ್ಳೇದೂ ಬರ್ಲಿಲ್ಲ, ಕೆಟ್ಟದ್ದೂ ಬರ್ಲಿಲ್ಲ. ಒಂದಿನ ಕುಣಿಗಲ್ಗೆ ಹೋಗಿ ಬಂದ್ಲು ನೋಡಿ, ಮಾರನೇ ದಿನ ತಾನೇ ಕುಂಕುಮ ಅಳಿಸ್ಕೊಂಡ್ಲು. ಯಾಕೆ ಅಂದ್ರೆ, ನಾನೇ ಕಳ್ಕೊಂಡೆ ಬುಡಿ ಅಂದ್ಲು. ಆಮೇಲೆ ಇಟ್ಕೊಳ್ಳಲೇ ಇಲ್ಲ.”

ನಿಟ್ಟೂರಿನಲ್ಲಿ ಇಳಿದೆ. ಮದುವೆಮನೆಯಲ್ಲಿ ಯಾರು ಏನು ಕೇಳಿದರೋ, ಏನು ಉಂಡೆನೋ ಒಂದೂ ನೆನಪಿಲ್ಲ. ಆ ಶನಿವಾರದ ಬರಿಯ ಹಣೆಯೊಂದೇ ಕಣ್ಣಮುಂದೆ ಇತ್ತು. ಬೆವರಿಗೆ ಅಳಿಸಿದೆ ಅಂದುಕೊಂಡಿದ್ದೆನಲ್ಲ... ಗಂಡನನ್ನು ಬಾಯಾರೆ ಕಳೆದುಕೊಂಡೆನೆಂದು ನಂಬಿ ಬಂದಿದ್ದ ಹೆಂಗಸು, ನನ್ನ ತಪ್ಪನ್ನೂ ತನ್ನದೆಂದು ಹೇಳಿ ಹೋಗಿದ್ದರು. ನಾನು ಓದಿದವಳು, ಹೆಸರು ಹೇಳಿದರೆ ಯಾರ ಆಯಸ್ಸೂ ಕಡಿಮೆಯಾಗುವುದಿಲ್ಲವೆಂದು ನನಗೆ ಗೊತ್ತು. ಆದರೂ ಆ ದಿನದಿಂದ ನಮ್ಮ ಯಜಮಾನರು ಇರುವವರೆಗೂ ಅವರ ಹೆಸರು ನನ್ನ ಬಾಯಲ್ಲಿ ಬರಲಿಲ್ಲ.

ಇದನ್ನೆಲ್ಲ ಮಹಡಿಯ ಮನೆಯ ಮೇಡಂಗೆ ಅಂದು ಹೇಳಿದೆ. ಯಜಮಾನರಿಗೆ, ಮಕ್ಕಳಿಗೆ ಯಾರಿಗೂ ಹೇಳಿರದ ಮಾತು. ಅವರು ಲ್ಯಾಪ್‌ಟಾಪಿನ ಕಡೆ ತಿರುಗಿದರು.

“ಎರಡು ಪಟ್ಟಿ ಸಮ ಇಲ್ದಿದ್ರೆ ಮುಂದಕ್ಕೆ ಹೋಗ್ದೆ ನಿಂತು ಹೇಳೋ ಹಾಗೆ ಮಾಡಬಹುದು ಅಜ್ಜಿ. ನಾನು ಮೊದಲೇ ಮಾಡ್ಬೇಕಿತ್ತು. ಏನಂತ ಹೇಳ್ಲಿ?”

“ಒಂದು ಉಳೀತು ಅನ್ನಲಿ,” ಅಂದೆ.

ಅವರು ಅದನ್ನೇ ಬರೆದರು, ಆ ಮಹನೀಯರ ಫಲಿತಾಂಶದ ಸಾಲನ್ನೂ ತೆಗೆದು ಪಟ್ಟಿ ಸಮ ಮಾಡಿದರು. ಸರಿಯಾಗಿದೆಯೋ ನೋಡಲು ಒಂದು ಹೆಸರು ತೆಗೆಯಬೇಕು, ಯಾರದು ತೆಗೆಯಲಿ ಎಂದು ಕೇಳಿದರು. ನನ್ನದೇ ತೆಗಿ ಅಂದೆ. ತೆಗೆದು ಒಂದು ಗುಂಡಿ ಒತ್ತಿದರು. ಚೀಟಿ ಒಂದೂ ಬರಲಿಲ್ಲ. ಪರದೆಯ ಮೇಲೆ ಕೆಂಪಕ್ಷರದಲ್ಲಿ ಅಷ್ಟೇ ಬಂತು, ‘ಒಂದು ಉಳೀತು’.

ಆಮೇಲೆ ಸರಿಯಾದ ಚೀಟಿಗಳನ್ನು ತೆಗೆದುಕೊಂಡು, ಹಳೆಯವನ್ನು ವಾಪಸು ಪಡೆಯಲು ಮನೆಮನೆಗೆ ಹೊರಟರು. ನಾನೂ ಕೋಲು ಹಿಡಿದು ಜೊತೆಗೆ ಹೋದೆ. ಬೇಡ ಅಜ್ಜಿ, ಕಂಪ್ಯೂಟರ್ ತಪ್ಪು ಅಂದ್ರೆ ಸಾಕು, ಎಲ್ಲರೂ ಒಪ್ಪುತ್ತಾರೆ ಅಂದರು. ಹಾಗನ್ನಬೇಡ ಅಂದೆ. ಮೊದಲ ಮನೆಯ ಬಾಗಿಲಲ್ಲಿ ಅವರು, “ತಪ್ಪು ನನ್ನದು, ನಾನು ನೋಡ್ಲಿಲ್ಲ,” ಅಂದರು. ಇಷ್ಟು ಚಿಕ್ಕ ಮಾತು ಅದು. ನಾನು ನೋಡಿದ್ದೆ ಅಕ್ಕ, ಬಿಡಿ ಅಂದವಳು ನಾನು. ಇದನ್ನು ಹೇಳಲು ನನಗೀಗ ಬಾಯಿ ಬಂದಿದೆ. ಕೇಳಬೇಕಾಗಿದ್ದ ಡಾಕ್ಟರೂ ಇಲ್ಲ, ಗುಬ್ಬಿಯ ರೈಲಿನಿಂದ ಇಳಿದು ಬರಲು ನೀವೂ ಇಲ್ಲ.